ಎರವಲು ಅಂಜಿಕೆ

ನನ್ನ ಗಂಡ ಅಂಜಿದರೆ ಮುನ್ನೂರು ಮಂದಿಯ ಬೆರಳು ಉಳಿಯುತ್ತಿದ್ದವು. ನಾನು ಕೊಚ್ಚಿಕೊಳ್ಳುತ್ತಿಲ್ಲ. ಹುಬ್ಬಳ್ಳಿಯ ಹೊರಗೆ ಇರುವ ಆ ಪಾತ್ರೆ ಕಾರ್ಖಾನೆಯ ಗೇಟಿನ ಮೇಲೆ ಇದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ನಮ್ಮವರ ಫೋಟೊ ಹಾಕಿದ್ದರು. ಫೋಟೊದಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದರು. ಅಂಜುವುದಕ್ಕೆಂದೇ ಸಂಬಳ ಪಡೆಯುವವರು ಫೋಟೊದಲ್ಲಾದರೂ ಸ್ವಲ್ಪ ಅಂಜಿದ ಹಾಗೆ ಕಾಣಬೇಡವೇ ಎಂದು ನಾನು ಅವರನ್ನು ಕಾಡಿಸುತ್ತಿದ್ದೆ.

ಆ ಕಾರ್ಖಾನೆಯಲ್ಲಿ ಸ್ಟೀಲಿನ ತಾಟು, ಮುಚ್ಚಳ, ಬೋಗುಣಿ ಒತ್ತುತ್ತಾರೆ. ತಗಡನ್ನು ಪ್ರೆಸ್ಸಿನ ಕೆಳಗೆ ಇಡಬೇಕು, ಮೇಲಿನಿಂದ ಭಾರ ಬಂದು ಗುದ್ದುತ್ತದೆ, ತಾಟಾದದ್ದನ್ನು ತೆಗೆದು ಇನ್ನೊಂದು ತಗಡು ಇಡಬೇಕು. ಇಡುವ ಮತ್ತು ತೆಗೆಯುವ ನಡುವಿನ ಆ ಚಿಟಿಕೆಯಷ್ಟು ಹೊತ್ತಿನಲ್ಲಿ ಕೈ ಒಳಗೇ ಉಳಿದರೆ ಮುಗಿಯಿತು. ನಮ್ಮ ಮದುವೆಗೆ ಮೊದಲೇ ನಮ್ಮವರು, ಅಂದರೆ ಅಡಿವೆಪ್ಪ, ಎಡಗೈಯ ಎರಡು ಬೆರಳನ್ನು ಹಾಗೆ ಕಳೆದುಕೊಂಡಿದ್ದರು. ಹೆಣ್ಣು ನೋಡಲು ಬಂದ ದಿನ ಆ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಉಪ್ಪಿಟ್ಟು ತಿಂದಿದ್ದರು. ನಾನು ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಏನಾದರೂ ಬಚ್ಚಿಟ್ಟುಕೊಂಡವರು ಹೇಗೆ ಕೂರುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮದುವೆಯಾದ ಮೇಲೆ ಕಾರ್ಖಾನೆಗೆ ಮೈಗೆ ಕಟ್ಟಿಕೊಳ್ಳುವ ಹೊಸ ಪಟ್ಟಿಗಳು ಬಂದವು. ಮೊಣಕೈಗೊಂದು, ಸೊಂಟದ ಹಿಂಭಾಗಕ್ಕೊಂದು. ಕೆಲಸಗಾರರೆಲ್ಲ ಅವನ್ನು ಕಟ್ಟಿಕೊಂಡೇ ಪ್ರೆಸ್ಸಿನ ಮುಂದೆ ನಿಲ್ಲಬೇಕು. ಇದರ ಹಿಂದಿನ ಲೆಕ್ಕಾಚಾರ ಸರಳವಾಗಿತ್ತು. ಅಪಾಯವಿದೆಯೆಂದು ಗಂಟೆ ಹೊಡೆದರೆ ಅದು ಕಿವಿಗೆ ಬೀಳಬೇಕು, ತಲೆಗೆ ತಿಳಿಯಬೇಕು, ತಲೆ ಕೈಗೆ ಹೇಳಬೇಕು. ಅಷ್ಟರಲ್ಲಿ ಪ್ರೆಸ್ಸು ತನ್ನ ಕೆಲಸ ಮುಗಿಸಿರುತ್ತದೆ. ಆದರೆ ಒಮ್ಮೆ ಪೆಟ್ಟು ತಿಂದ ಕೈ ತಲೆಯನ್ನು ಕೇಳುವುದೇ ಇಲ್ಲ, ನೆರಳು ಸರಿದರೂ ಹಿಂದಕ್ಕೆ ಬಂದುಬಿಡುತ್ತದೆ. ಹಾಗೆ ಅಂಜಿದವನ ನರಗಳಲ್ಲಿ ಹರಿಯುವ ಮಿಂಚನ್ನು ಹಿಡಿದಿಟ್ಟು, ಪಟ್ಟಿಯ ಮೂಲಕ ಅಂಜದವನ ನರಕ್ಕೆ ಸರಿಯಾದ ಹೊತ್ತಿಗೆ ಕೊಟ್ಟರೆ ಅವನ ಕೈಯೂ ಹಿಂದಕ್ಕೆ ಬರುತ್ತದೆ. ಬರೀ ಕರೆಂಟು ಕೊಟ್ಟು ನೋಡಿದ್ದರಂತೆ. ಆಗ ಕೈ ಆ ಕರೆಂಟಿನ ಜೊತೆಗೇ ಜಗಳಕ್ಕೆ ಬಿದ್ದು ಉಳುಕಿತಂತೆ. ಮನುಷ್ಯನ ಮೈ ಮನುಷ್ಯನ ಅಂಜಿಕೆಯನ್ನು ಮಾತ್ರ ತನ್ನದೆಂದು ಒಪ್ಪಿಕೊಳ್ಳುತ್ತದೆ.

ಒಂದೇ ತೊಂದರೆ, ಅಂಜಿಕೆ ಹಳಸುತ್ತದೆ. ಒಂದು ತಿಂಗಳು ಕಳೆದರೆ ಎರವಲು ಪಡೆದವರ ಮೈಗೆ ಅದು ರೂಢಿಯಾಗಿಬಿಡುತ್ತದೆ. ಹಾಗಾಗಿ ಪ್ರತಿ ತಿಂಗಳೂ ಹೊಸದಾಗಿ ಅಂಜಿಕೊಡುವವನೊಬ್ಬ ಬೇಕಿತ್ತು. ಬೆರಳು ಕಳೆದುಕೊಂಡವರನ್ನೆಲ್ಲ ಕೂರಿಸಿ ನೋಡಿದರು. ಎಲ್ಲರಿಗಿಂತ ಚೆನ್ನಾಗಿ ಅಂಜಿದವರು ನಮ್ಮವರೇ.

ಆಮೇಲೆ ನಮ್ಮ ದೆಸೆ ತಿರುಗಿತೆನ್ನಿ. ಓಣಿಯಲ್ಲಿ ನಮ್ಮವರು ನಡೆದುಹೋದರೆ ಮುದುಕರು ಎದ್ದು ನಿಲ್ಲುತ್ತಿದ್ದರು. ಕಾರ್ಖಾನೆಯ ಹೆಣ್ಣುಮಕ್ಕಳು ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು. ಎದುರು ಮನೆಯ ಪಾರವ್ವ ಪ್ರೆಸ್ಸಿನಲ್ಲಿ ಕೆಲಸ ಮಾಡುವವಳು. ತನ್ನ ಹತ್ತೂ ಬೆರಳನ್ನು ನನ್ನ ಮುಂದೆ ಅರಳಿಸಿ, "ಇವು ನಿಮ್ಮ ಯಜಮಾನ್ರು ಕೊಟ್ಟದ್ದು ನೋಡ್ರಿ ಕಸ್ತೂರಕ್ಕ" ಎನ್ನುತ್ತಿದ್ದಳು. ನನಗೂ ಜಂಬ ಬರುತ್ತಿತ್ತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ.

ಅಂಜಿಕೆ ತೆಗೆಯುವ ಕೋಣೆಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಮುಗಿದ ಮೇಲೆ ಅವರಿಗೆ ಗಾಡಿ ಓಡಿಸಲು ಆಗುತ್ತಿರಲಿಲ್ಲ, ಆಟೊದಲ್ಲಿ ಕರೆತರಬೇಕಿತ್ತು. ಅದು ತಣ್ಣಗಿನ, ಬಿಳಿ ಗೋಡೆಯ ಕೋಣೆ. ನಡುವೆ ಕಬ್ಬಿಣದ ಕೈಗಳಿರುವ ಒಂದು ಕುರ್ಚಿ. ಮೈಸೂರು ಕಡೆಯ ಸುಹಾಸಿನಿ ಮೇಡಂ ಆ ಕೋಣೆಯ ಒಡತಿ. ಒಳ್ಳೆಯ ಹೆಂಗಸು, ದನಿ ಎತ್ತಿದ್ದನ್ನು ನಾನು ಕೇಳಿಲ್ಲ. "ಬನ್ನಿ ಅಡಿವೆಪ್ಪನವರೇ, ಕೂತ್ಕೊಳ್ಳಿ" ಎಂದು ನಗುತ್ತಾ ಕರೆಯುತ್ತಿದ್ದರು. ಮೈಗೆ ತಂತಿ ಅಂಟಿಸಿ, ಕಣ್ಣಿಗೆ ಕನ್ನಡಕ ಹಾಕಿ, ಅದರಲ್ಲಿ ಪ್ರೆಸ್ಸು ಬಂದು ಬೀಳುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ನಮ್ಮವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಹಲ್ಲು ಕಚ್ಚಿ, ಬೆವೆತು ನೀರಾಗುತ್ತಿದ್ದರು. ಪರದೆಯ ಮೇಲೆ ಒಂದು ಅಂಕಿ ಏರುತ್ತಿತ್ತು. ಎಷ್ಟು ಏರಿದರೆ ಅಷ್ಟು ಚೆನ್ನ.

"ತುಂಬಾ ಚೆನ್ನಾಗಿ ಬಂದಿದೆ" ಎಂದು ಮೇಡಂ ಪ್ರತಿ ಸಲವೂ ಹೇಳುತ್ತಿದ್ದರು, ಮಕ್ಕಳ ಹಾಡು ಕೇಳಿ ನಾನು ಹೇಳುವ ಹಾಗೆ.

ಮಗಳು ನೀಲಿ ಹುಟ್ಟಿದಾಗ ಅವರು ಅವಳನ್ನು ಕೆಳಗೆ ಇಳಿಸುತ್ತಲೇ ಇರಲಿಲ್ಲ. ಅವಳಿಗೆ ಎರಡು ತುಂಬುವ ಹೊತ್ತಿಗೆ ಒಂದು ಸಂಜೆ ಅವಳನ್ನು ತೊಡೆಯ ಮೇಲೆ ಇಟ್ಟುಕೊಂಡು ಟಿವಿ ನೋಡುತ್ತಿದ್ದರು. ಧಾರಾವಾಹಿಯಲ್ಲಿ ಯಾರೋ ಅತ್ತೆ, ಮನೆಗೆ ಬಂದ ಬೀಗರಿಗೆ "ಬನ್ನಿ, ಕೂತ್ಕೊಳ್ಳಿ" ಎಂದಳು. ಅಷ್ಟೇ. ಇವರ ಕೈ ಮಗುವಿನ ತೋಳನ್ನು ಹಿಡಿದು ಹಿಸುಕಿತು. ನೀಲಿ ಕಿರುಚಿದಳು. ನಾನು ಅಡುಗೆಮನೆಯಿಂದ ಓಡಿಬಂದರೂ ಅವರ ಕೈ ಬಿಡುತ್ತಿಲ್ಲ, ಬಿಡಲು ಅವರಿಗೇ ಬರುತ್ತಿಲ್ಲ. ಒಂದೊಂದೇ ಬೆರಳನ್ನು ನಾನು ಬಿಡಿಸಿದೆ. ಮಗುವಿನ ತೋಳಿನ ಮೇಲೆ ಮೂರು ಬೆರಳಿನ ನೀಲಿ ಗುರುತು ಮೂಡಿತ್ತು.

ಅಂದಿನಿಂದ ಅವರು ಅವಳನ್ನು ಮುಟ್ಟಲಿಲ್ಲ. ಅವಳು ಕೈ ಚಾಚಿ ಓಡಿಬಂದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಮಗು ಬಾಗಿಲಿನಲ್ಲಿ ನಿಂತು "ಅಪ್ಪಾ, ಅಪ್ಪಾ" ಎನ್ನುವಾಗ ನಾನೇ ಹೋಗಿ ಅವಳನ್ನು ಎತ್ತಿಕೊಳ್ಳುತ್ತಿದ್ದೆ. ಊರಿನ ಬೆರಳು ಉಳಿಸಲು ಹೋಗಿ ನಾವು ಮಗಳ ಅಪ್ಪನನ್ನೇ ಕೊಟ್ಟುಬಿಟ್ಟೆವೇ ಎಂದು ಸಿಟ್ಟು ಬರುತ್ತಿತ್ತು. ಇದು ನಿಲ್ಲಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ನಮ್ಮ ಕಡೆ ಮಕ್ಕಳು ಬೆಚ್ಚಿದರೆ ಅಂಜಿಕೆ ತೆಗೆಸುತ್ತಾರೆ. ಓಣಿಯ ತುದಿಯಲ್ಲಿರುವ ಮಾಬೂಬಿ ಅಜ್ಜಿ ಅದರಲ್ಲಿ ಕೈ ಪಳಗಿದವಳು. ಪಟಿಕದ ತುಂಡನ್ನು ಬೆಚ್ಚಿದವರ ಎದೆಯ ಮೇಲಿಂದ ನಿವಾಳಿಸಿ ಕೆಂಡದ ಮೇಲೆ ಹಾಕುತ್ತಾಳೆ. ಅದು ಬುರುಬುರು ಉಬ್ಬಿ ಒಂದು ಆಕಾರಕ್ಕೆ ಬರುತ್ತದೆ. ನಾಯಿಯಂತೆ ಕಂಡರೆ ನಾಯಿಗೆ ಬೆಚ್ಚಿದ್ದು, ಎಮ್ಮೆಯಂತೆ ಕಂಡರೆ ಎಮ್ಮೆಗೆ. ಅಂಗನವಾಡಿ ತರಬೇತಿಯಲ್ಲಿ ಇಂಥದ್ದನ್ನೆಲ್ಲ ನಂಬಬಾರದೆಂದು ನಮಗೆ ಹೇಳಿಕೊಟ್ಟಿದ್ದಾರೆ. ನಾನು ನಂಬುವುದೂ ಇಲ್ಲ. ಆದರೂ ಒಂದು ಶುಕ್ರವಾರ ಗಂಡನನ್ನು ಕರೆದುಕೊಂಡು ಹೋದೆ, ಯಾಕೆಂದರೆ ನನಗೆ ಬೇರೆ ದಾರಿ ತೋಚಲಿಲ್ಲ.

ಅಜ್ಜಿ ಪಟಿಕ ಸುಟ್ಟಳು. ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದಳು.

"ಇದು ಪ್ರೆಸ್ ಅಲ್ಲವಾ ತಂಗಿ" ಎಂದಳು. "ನಾಕ್ ಕಾಲು ಅದಾವ. ಬೆನ್ನಿಗೆ ಆನಿಕಿ ಐತಿ. ಇದು ಕುರ್ಚಿ."

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಗೆ ಮೊಣಕಾಲು ನೋವು. ನೆಲದ ಮೇಲೆ ಕೂರಲು ಆಗುವುದಿಲ್ಲ, ಒಂದು ಕುರ್ಚಿ ಕೊಡಿಸೆಂದು ಮಗನ ಬೆನ್ನು ಹತ್ತಿ ಎಷ್ಟೋ ತಿಂಗಳಾಗಿತ್ತು. ಪಟಿಕದಲ್ಲಿ ಅವಳಿಗೆ ಕುರ್ಚಿಯಲ್ಲದೆ ಇನ್ನೇನು ಕಾಣಬೇಕು? ನಗುತ್ತಲೇ ಪಕ್ಕಕ್ಕೆ ತಿರುಗಿದರೆ ನಮ್ಮವರು ಗಳಗಳನೆ ಅಳುತ್ತಿದ್ದರು.

"ಹೌದಬೇ, ಕುರ್ಚೀನ" ಎಂದರು. "ಪ್ರೆಸ್ಸಿಂದು ಯಾವಾಗೋ ಹೋಗೇತಿ. ಕನಸಿನ್ಯಾಗೂ ಬರೂದಿಲ್ಲ. ಆ ಕುರ್ಚಿ ನೆನಸಿಕೊಂಡ್ರ ಮಾತ್ರ ಜೀವ ಹಾರತೈತಿ. ತಿಂಗಳು ಹತ್ರ ಬಂತಂದ್ರ ಊಟ ಸೇರೂದಿಲ್ಲ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ರಿ?" ಎಂದು ನಾನು ಕೇಳಿದೆ.

"ಎಷ್ಟು ಅಂಜತೀ ಅಂತ ಎಲ್ಲಾರೂ ಅಳದ್ರು. ಯಾದಕ್ಕ ಅಂಜತೀ ಅಂತ ಒಬ್ರರ ಕೇಳಿದ್ರೇನು? ನೀನೂ ಕೇಳಲಿಲ್ಲ."

ನನ್ನ ನಗು ಅಲ್ಲೇ ಸತ್ತಿತು. ಅಜ್ಜಿ ಅವರ ತಲೆ ನೇವರಿಸಿ, "ಅಳು, ಅತ್ತರ ಹಗುರಾಕ್ಕೈತಿ" ಎಂದು ಚಹಾ ಕಾಸಲು ಎದ್ದಳು.

ಆಮೇಲಿನ ವಾರ ಅವರು ಚೆನ್ನಾಗಿ ಉಂಡರು, ಗೊರಕೆ ಹೊಡೆದು ಮಲಗಿದರು. ಪಟಿಕದ ಮಹಿಮೆಯೋ, ಬಾಯಿಬಿಟ್ಟು ಹೇಳಿದ್ದರ ಮಹಿಮೆಯೋ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ತಿಂಗಳು ಕೋಣೆಗೆ ಹೋಗುವುದಿಲ್ಲವೆಂದು ಹೇಳಿಬಿಡೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಪಾರವ್ವನ ಕೈ ಪ್ರೆಸ್ಸಿಗೆ ಸಿಕ್ಕಿತು.

ಬಲಗೈಯ ತೋರುಬೆರಳಿನ ತುದಿ ಹೋಗಿತ್ತು. ಆಸ್ಪತ್ರೆಗೆ ಓಡಿದಾಗ ಅವಳು ನೋವಿಗಿಂತ ಹೆಚ್ಚಾಗಿ ಆಶ್ಚರ್ಯದಲ್ಲಿದ್ದಳು. "ಪಟ್ಟಿ ಬಡೀತ್ರಿ ಕಸ್ತೂರಕ್ಕ, ಬಡೀಲಿಲ್ಲ ಅಂತಲ್ಲ. ಕಾಲು ಹಿಂದಕ್ಕ ಜಿಗದ್ವು. ಕೈ ಮಾತ್ರ ತಗಡ ಬಿಡಲಿಲ್ಲ. ಗಟ್ಟ್ಯಾಗಿ ಹಿಡಕೊಂಡಬಿಡ್ತು. ನಂದ ಕೈ, ನನ್ನ ಮಾತ ಕೇಳಲಿಲ್ಲ." ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ನಮ್ಮವರು ಬಾಗಿಲ ಬಳಿಯೇ ನಿಂತಿದ್ದರು, ಒಳಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಹೊಸಮನಿ ನಮ್ಮ ಮನೆಗೇ ಬಂದರು. ಮಾಬೂಬಿಯ ಪಟಿಕದ ಸುದ್ದಿ ಅವರಿಗೂ ಮುಟ್ಟಿತ್ತು. ನಮ್ಮ ಓಣಿಯಲ್ಲಿ ಸುದ್ದಿಗೆ ಕಾಲಲ್ಲ, ಮೋಟಾರು ಇದೆ.

"ಏನ್ರಿ ಇದು ಅಡಿವೆಪ್ಪ, ಕಂಪನಿ ಸಂಬಳ ಕೊಡೂದು ಅಂಜಾಕ, ನೀವು ಹೋಗಿ ಅಂಜಿಕಿ ತಗಸಿಕೊಂಡು ಬಂದೀರಿ? ಆ ಹುಡುಗಿ ಬೆರಳು ಹೋತಲ್ರಿ!"

"ಸಾಹೇಬ್ರ, ಒಂದೀಟು ನಿಲ್ರಿ" ಎಂದೆ ನಾನು. "ಪಾರವ್ವನ ಪಟ್ಟ್ಯಾಗ ಇದ್ದದ್ದು ಹ್ವಾದ ತಿಂಗಳ ಅಂಜಿಕಿ. ಅಜ್ಜಿ ಕಡೆ ಹೋಗೂಕಿಂತ ಮೊದಲ ತಗದದ್ದು. ಪಟಿಕ ಸುಟ್ಟರ ಹಿಂದಿಂದೂ ಸುಡತೈತೇನು?"

ಹೊಸಮನಿ ಬೆರಳು ಮಡಿಸಿ ತಾರೀಖು ಎಣಿಸಿದರು. ಆದರೆ ಮ್ಯಾನೇಜರ್ ಆದವರು ಅಷ್ಟಕ್ಕೆಲ್ಲ ಸೋಲುವುದಿಲ್ಲ. ಕನ್ನಡಕದ ಚಿತ್ರಕ್ಕೆ ಅಂಜಿಕೆ ಸಾಲುತ್ತಿಲ್ಲ, ಇನ್ನು ಮೇಲೆ ನಿಜವಾದ ಪ್ರೆಸ್ಸಿಗೇ ಕೈ ಕೊಟ್ಟು ನಿಲ್ಲಬೇಕು ಎಂದರು. ಭಾರ ಮೇಲಿನಿಂದ ಬರುತ್ತದೆ, ಕೈಯಿಂದ ಅಂಗೈಯಷ್ಟು ಮೇಲೆ ನಿಲ್ಲುತ್ತದೆ, ನಿಲ್ಲುವ ಹಾಗೆ ಅಡ್ಡಗಟ್ಟೆ ಹಾಕಿರುತ್ತಾರೆ. ಏನೂ ಆಗುವುದಿಲ್ಲ, ಅಂಜಿಕೆ ಮಾತ್ರ ತಾಜಾ ಬರುತ್ತದೆ.

"ಆಗಲ್ರಿ" ಎಂದರು ನಮ್ಮವರು.

ಅವರು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಯಿತು. "ಪಾರವ್ವನ ಕೈ ನೋಡಿದೀಯಿಲ್ಲ?" ಎಂದು ಅವರು. "ನೀಲಿ ಕೈ ನೋಡೀರೋ ಇಲ್ಲೋ?" ಎಂದು ನಾನು. ಅವರು ಮುಖ ತಿರುಗಿಸಿದರು. "ನಾ ಒಬ್ಬಾವ ಅಂಜಿದ್ರ ಮುನ್ನೂರು ಮಂದಿ ಉಳೀತಾರ. ನಾ ಹೆಂಗ ಬ್ಯಾಡನ್ನಲಿ?" ಎಂದರು. ಸಿಟ್ಟಿನಲ್ಲೂ ನನಗೆ ಅವರ ಮೇಲೆ ಅಯ್ಯೋ ಎನ್ನಿಸಿತು. ಅವರ ಒಳ್ಳೆಯತನವನ್ನೇ ಹಗ್ಗ ಮಾಡಿ ಅವರನ್ನು ಕಟ್ಟಿಹಾಕಿದ್ದರು.

ನಾನು ಅಂಗನವಾಡಿಯನ್ನು ಸಹಾಯಕಿಗೆ ಒಪ್ಪಿಸಿ ನೇರವಾಗಿ ಸುಹಾಸಿನಿ ಮೇಡಂ ಕೋಣೆಗೆ ಹೋದೆ. ಪಾರವ್ವ ಹೇಳಿದ ಮಾತು ನನ್ನನ್ನು ಕೊರೆಯುತ್ತಿತ್ತು. ಕೈ ಹಿಡಿದುಕೊಂಡಿತು ಎಂದಿದ್ದಳು. ನೀಲಿಯ ತೋಳನ್ನು ಹಿಡಿದ ಕೈಯೂ ಹಾಗೆಯೇ ಬಿಟ್ಟಿರಲಿಲ್ಲ. ಪ್ರತಿ ತಿಂಗಳೂ ಪಕ್ಕದಲ್ಲಿ ನಿಂತು ನಾನೇ ನೋಡಿದ್ದೆನಲ್ಲ, ಆ ಕುರ್ಚಿಯ ಕೈಗಳನ್ನು ಅವರು ಹೇಗೆ ಹಿಡಿಯುತ್ತಿದ್ದರೆಂದು!

"ಮೇಡಂ, ಆ ಒಂದು ಅಂಕಿ ಬಿಟ್ಟು ಕೈಯಿಂದು ಬ್ಯಾರೆ, ಕಾಲಿಂದು ಬ್ಯಾರೆ ತೋರಸಾಕ ಬರತೈತೇನು?"

ಮೇಡಂ ಹಳೆಯ ದಾಖಲೆಗಳನ್ನು ತೆರೆದರು. ತುಂಬಾ ಹೊತ್ತು ಪರದೆಯನ್ನು ತಡಕಿ, ಮೊದಲ ತಿಂಗಳ ಗೆರೆ ಮತ್ತು ಹೋದ ತಿಂಗಳ ಗೆರೆಯನ್ನು ಒಂದರ ಕೆಳಗೆ ಒಂದು ಇಟ್ಟರು. ನೋಡುತ್ತಾ ನೋಡುತ್ತಾ ಅವರ ಮುಖ ಸಪ್ಪಗಾಯಿತು.

"ಮೊದಲು ಕೈ ಹಿಂದಕ್ಕೆ ಬರ್ತಿತ್ತು" ಎಂದರು. "ಈಗ ಮುಷ್ಟಿ ಕಟ್ತಿದೆ. ಕಾಲು ಓಡಬೇಕು ಅಂತಿದೆ, ಕೈ ಹಿಡ್ಕೋಬೇಕು ಅಂತಿದೆ. ಎರಡೂ ಸೇರಿಸಿದ್ರೆ ಅಂಕಿ ದೊಡ್ಡದಾಗಿಯೇ ಬರುತ್ತೆ. ಕಸ್ತೂರಿ, ಇದು ಈ ಕುರ್ಚಿಯ ಭಯ. ನಾನು ಇದನ್ನ ಎಲ್ಲರ ಕೈಗೂ ಕಟ್ಟಿ ಕಳಿಸ್ತಿದ್ದೆ."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬೈಯಬೇಕೆಂದು ಹೋಗಿದ್ದ ನನಗೆ ಬೈಗುಳ ಮರೆತೇಹೋಯಿತು. ಬದಲಿಗೆ, ಇಷ್ಟೆಲ್ಲ ಓದಿದವರು ಕೈ ಒಳಗಿರುವಾಗ ಪ್ರೆಸ್ಸೇ ನಿಲ್ಲುವ ಹಾಗೆ ಯಾಕೆ ಮಾಡಲಿಲ್ಲ ಎಂದು ಕೇಳಿದೆ.

"ಇತ್ತು" ಎಂದರು ಮೇಡಂ. "ಪ್ರತಿ ಪ್ರೆಸ್ಸಿಗೂ ಜಾಲರಿ ಬಾಗಿಲಿತ್ತು. ಬಾಗಿಲು ಮುಚ್ಚದೆ ಭಾರ ಇಳೀತಿರಲಿಲ್ಲ. ತೆಗೆದು ಮುಚ್ಚೋದಕ್ಕೆ ಹೊತ್ತು ಹಿಡಿಯುತ್ತೆ ಅಂತ, ಪಟ್ಟಿಗಳು ಬಂದ ಮೇಲೆ ಕಳಚಿ ಹಿಂದಿನ ಶೆಡ್ಡಿಗೆ ಹಾಕಿದ್ರು. ಪಟ್ಟಿ ಜೊತೆಗೆ ಬಾಗಿಲೂ ಇರಲಿ ಅಂತ ನಾನು ಒಂದ್ಸಲ ಹೇಳಿದೆ. ಇನ್ನೊಂದ್ಸಲ ಹೇಳಲಿಲ್ಲ."

ಅಂದರೆ ನನ್ನ ಗಂಡನ ಅಂಜಿಕೆ ಕಾರ್ಖಾನೆಗೆ ಸಿಕ್ಕ ಅಗ್ಗದ ಬಾಗಿಲು. ನನಗೆ ಮೈಯೆಲ್ಲ ಉರಿಯಿತು. ಮೇಡಂ ಹೊಸಮನಿಯವರಿಗೆ ಗೆರೆಗಳನ್ನು ತೋರಿಸಿದರು. ಅವರು ಬಗ್ಗಿ ನೋಡಿ, "ಹಂಗಾರ ಕುರ್ಚಿ ತಗದಬಿಡ್ರಿ, ನಿಂದ್ರಿಸೇ ಅಂಜಸೂಣು" ಎಂದರಂತೆ.

ಸೋಮವಾರ ಊಟದ ಬಿಡುವಿನಲ್ಲಿ ಎಲ್ಲರನ್ನೂ ಪ್ರೆಸ್ಸಿನ ಶೆಡ್ಡಿಗೆ ಸೇರಿಸಿದರು. ತಮಗಾಗಿ ಒಬ್ಬ ಎಷ್ಟು ಅಂಜುತ್ತಾನೆ ಎಂಬುದನ್ನು ಕಣ್ಣಾರೆ ಕಂಡರೆ ಪಟ್ಟಿಯ ಮೇಲೆ ನಂಬಿಕೆ ಮರಳುತ್ತದೆ ಎಂಬುದು ಹೊಸಮನಿಯವರ ವಿಚಾರ. ಪಾರವ್ವ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಮುಂದೆಯೇ ನಿಂತಿದ್ದಳು. ನಾನು ನೀಲಿಯನ್ನು ಎತ್ತಿಕೊಂಡು ಅವಳ ಪಕ್ಕ ನಿಂತೆ. ಮಗುವನ್ನು ಯಾಕೆ ತಂದಿರೆಂದು ಗೇಟಿನವನು ತಡೆದಿದ್ದ. ಇವಳಪ್ಪನ ಕೈ ಇದು, ಇವಳಿಗೂ ನೋಡುವ ಹಕ್ಕಿದೆ ಎಂದು ಹೇಳಿ ಒಳಗೆ ಬಂದಿದ್ದೆ.

ಮೇಡಂ ಅಡ್ಡಗಟ್ಟೆಯನ್ನು ತಾವೇ ಪರೀಕ್ಷಿಸಿದರು. ಮತ್ತೆ ಪರೀಕ್ಷಿಸಿದರು. ನಮ್ಮವರು ತಂತಿ ಅಂಟಿಸಿಕೊಂಡು ಎಡಗೈಯನ್ನು ಪ್ರೆಸ್ಸಿನ ಕೆಳಗೆ ಇಟ್ಟರು. ಹೊಸಮನಿ ಗುಂಡಿ ಒತ್ತಿದರು. ಭಾರ ಧಡ್ಡನೆ ಇಳಿದು, ಅಂಗೈಯಷ್ಟು ಮೇಲೆ ನಿಂತಿತು.

ಇಡೀ ಶೆಡ್ಡು "ಅಯ್ಯಯ್ಯೋ" ಎಂದು ಕೂಗಿತು. ಮುನ್ನೂರು ಮಂದಿಯ ಕೈ ಒಮ್ಮೆಲೇ ಹಿಂದಕ್ಕೆ ಹೋದವು. ನಾನು ನೀಲಿಯ ಮುಖವನ್ನು ನನ್ನ ಹೆಗಲಿಗೆ ಒತ್ತಿಕೊಂಡಿದ್ದೆ. ಕಣ್ಣು ಬಿಟ್ಟು ನೋಡಿದರೆ ನಮ್ಮವರ ಕೈ ಮಾತ್ರ ಇಟ್ಟಲ್ಲೇ ಇತ್ತು, ಊಟಕ್ಕೆ ಕುಳಿತವರ ಕೈ ತಾಟಿನ ಪಕ್ಕದಲ್ಲಿ ಇರುವ ಹಾಗೆ. ಮೇಡಂ ಪಕ್ಕದಲ್ಲಿ ತಂದಿಟ್ಟಿದ್ದ ಪರದೆಯ ಗೆರೆ ಅಲುಗಿರಲಿಲ್ಲ.

ಹೊಸಮನಿ ಇನ್ನೊಮ್ಮೆ ಒತ್ತಿದರು. ಮತ್ತೆ ಶೆಡ್ಡು ಕೂಗಿತು, ಕೈ ಅಲ್ಲೇ ಇತ್ತು. ನಮ್ಮವರು ಅದನ್ನು ನಿಧಾನವಾಗಿ ಹೊರಗೆ ತೆಗೆದು, ತಮ್ಮದಲ್ಲವೇನೋ ಎಂಬಂತೆ ತಿರುಗಿಸಿ ನೋಡಿಕೊಂಡರು. ಆಮೇಲೆ ಎಲ್ಲರ ಕಡೆ ತಿರುಗಿದರು.

"ನನ್ನ ಕಡೆ ಅಂಜಿಕಿ ಉಳದಿಲ್ರೆಪಾ" ಎಂದರು. "ಇದ್ದಷ್ಟು ದಿನ ಕೊಟ್ಟೇನಿ. ನಿಮ್ಮ ಕೈಗೆ ಈಗ ಇರೂದು ಬರೇ ಪಟ್ಟಿ. ಅದನ್ನ ನಂಬಿ ಒಳಗ ಕೈ ಹಾಕಬ್ಯಾಡ್ರಿ. ಪಾರವ್ವಾ, ನನ್ನ ಮ್ಯಾಲ ಸಿಟ್ಟಾಗಬ್ಯಾಡವಾ."

ಪಾರವ್ವ ಎರಡು ಹೆಜ್ಜೆ ಮುಂದೆ ಬಂದಳು. ಮೊಣಕೈ ಪಟ್ಟಿಯನ್ನು ಎಡಗೈಯಿಂದ ಎಳೆದು ಬಿಚ್ಚಿ ನೆಲಕ್ಕೆ ಹಾಕಿದಳು. "ಈಗಷ್ಟ ನನ್ನ ಕೈ ತಾನ ಹಿಂದಕ್ಕ ಬಂತ್ರಿ" ಎಂದಳು ಹೊಸಮನಿಯವರಿಗೆ. "ನಂದ ಅಂಜಿಕಿ ಅದು. ಬಾಗಲಾ ಹಾಕೂತನಕಾ ನಾ ಪ್ರೆಸ್ಸಿನ ಮುಂದ ನಿಲ್ಲೂದಿಲ್ಲ."

"ಯಾರ‍್ಯಾರು ಅಂಜೀರಿ, ಕೈ ಎತ್ರಿ" ಎಂದು ಹೊಸಮನಿ ಗದರಿಸಿದರು. ಗದರಿಸಿದರೆ ಯಾರೂ ಎತ್ತುವುದಿಲ್ಲವೆಂದು ಅವರ ಎಣಿಕೆ. ನಮ್ಮ ಕಡೆ ಗಂಡಸರು ಸಾಯುತ್ತೇನೆ ಎಂದಾರು, ಅಂಜುತ್ತೇನೆ ಎನ್ನುವುದಿಲ್ಲ. ಆದರೆ ಮೊದಲು ಹೆಣ್ಣುಮಕ್ಕಳ ಕೈ ಎದ್ದವು. ಆಮೇಲೆ ಮೀಸೆಯವರದೂ, ತಲೆ ಬಗ್ಗಿಸಿಕೊಂಡು, ಒಂದೊಂದಾಗಿ. ಕೆಲವು ಕೈಗಳಲ್ಲಿ ಬೆರಳು ಕಡಿಮೆ ಇದ್ದವು. ಕೊನೆಗೆ ಸುಹಾಸಿನಿ ಮೇಡಂ ಕೂಡ ಕೈ ಎತ್ತಿದರು.

ಅದೇ ಮಧ್ಯಾಹ್ನ ಅವರೆಲ್ಲ ಹಿಂದಿನ ಶೆಡ್ಡಿಗೆ ಹೋಗಿ ತುಕ್ಕು ಹಿಡಿದ ಜಾಲರಿ ಬಾಗಿಲುಗಳನ್ನು ಹೊತ್ತು ತಂದರು. ಮಾಲೀಕರು ಕೆಲವು ದಿನ ಕೂಗಾಡಿ ಸುಮ್ಮನಾದರು. ಖಾಲಿ ನಿಂತ ಪ್ರೆಸ್ಸಿನಿಂದ ತಾಟು ಹೊರಬರುವುದಿಲ್ಲವಲ್ಲ. ಈಗ ದಿನಕ್ಕೆ ಮೊದಲಿಗಿಂತ ಕಡಿಮೆ ತಾಟು ಒತ್ತುತ್ತಾರೆ. ಗಿರಾಕಿಗಳು ಕೆಲವರು ಬೇರೆ ಕಡೆಗೆ ಹೋದರು. ಸುಹಾಸಿನಿ ಮೇಡಂ ಕೆಲಸವೂ ಹೋಯಿತು. ಮೈಸೂರಿಗೆ ಹೊರಡುವ ಮೊದಲು ಮನೆಗೆ ಬಂದು, ಎಲ್ಲಿಯೂ ಕೂರದೆ, ನಿಂತುಕೊಂಡೇ ಚಹಾ ಕುಡಿದು ಹೋದರು.

ಗೇಟಿನ ಮೇಲಿನ ಫೋಟೊ ತೆಗೆದಿದ್ದಾರೆ. ನಮ್ಮವರು ಈಗ ಪ್ಯಾಕಿಂಗ್ ವಿಭಾಗದಲ್ಲಿ ತಾಟುಗಳಿಗೆ ಕಾಗದ ಸುತ್ತುತ್ತಾರೆ. ಓಣಿಯಲ್ಲಿ ಮುದುಕರು ಎದ್ದು ನಿಲ್ಲುವುದಿಲ್ಲ, ಹೋಳಿಗೆಯೂ ಬರುವುದಿಲ್ಲ. ಹೋಳಿಗೆಯದು ಸ್ವಲ್ಪ ಬೇಸರವಿದೆ. ಅವರ ಕೈ ಮುಷ್ಟಿ ಕಟ್ಟುವುದು ಒಂದೇ ದಿನಕ್ಕೆ ಬಿಡಲಿಲ್ಲ. ಮೊದಮೊದಲು ನೀಲಿ ಮಲಗಿದ ಮೇಲೆ ಅವಳ ಕಾಲು ಮುಟ್ಟಿ ನೋಡುತ್ತಿದ್ದರು. ಆಮೇಲೆ ಎಚ್ಚರವಿದ್ದಾಗ ಹೆಗಲು. ಒಂದು ಸಂಜೆ ಅವಳೇ ಕೇಳದೆ ತೊಡೆ ಹತ್ತಿ ಕುಳಿತು ಅವರ ಮೂಗು ಹಿಡಿದಳು.

ನಿನ್ನೆ ಅವಳು ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಕಟ್ಟೆ ಹತ್ತಿ, ಒಂಟಿಕಾಲಿನಲ್ಲಿ ನಿಂತು "ಅಪ್ಪಾ, ನೋಡಿಲ್ಲಿ" ಎಂದು ಕೂಗಿದಳು. ಕಟ್ಟೆ ನನ್ನ ಮೊಣಕಾಲಿನಷ್ಟು ಎತ್ತರವೂ ಇಲ್ಲ. ನಮ್ಮವರು ಊಟದ ತಾಟನ್ನು ಅಲ್ಲೇ ಬಿಟ್ಟು, ಎಂಜಲು ಕೈಯಲ್ಲೇ ಓಡಿ, "ಬಿದ್ದೀ, ಬಿದ್ದೀ!" ಎಂದು ಅವಳನ್ನು ಎರಡೂ ಕೈಯಿಂದ ಬಾಚಿ ಎತ್ತಿಕೊಂಡರು. ಮುಖವೆಲ್ಲ ಬೆವೆತಿತ್ತು, ಉಸಿರು ಸಿಕ್ಕಿಹಾಕಿಕೊಂಡಿತ್ತು. ಅವಳ ಹೊಸ ಲಂಗಕ್ಕೆ ಸಾರು ಬಳಿದಿದ್ದಕ್ಕೆ ಅವಳು ಅವರ ತಲೆಗೆ ಗುದ್ದುತ್ತಿದ್ದಳು. ನಾನು ಬಾಗಿಲಿನಲ್ಲಿ ನಿಂತು ನೋಡಿದೆ, ಸಮಾಧಾನ ಹೇಳಲು ಹೋಗಲಿಲ್ಲ. ಅಂಜಲಿ ಬಿಡಿ. ಅಪ್ಪನಾದವನು ಅಷ್ಟಾದರೂ ಅಂಜಬೇಡವೇ?